‘ಕೇಳು’ ಅನ್ನುವ ನಮ್ಮ ಒಂದು ಪದ, ಇಂಗ್ಲಿಷಿನ ಮೂರು ಪದ

ಪ್ರಶ್ನೆ: ನಾನು ದಾವಣಗೆರೆಯವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿ.ಕಾಂ. ಎಂಟು ತಿಂಗಳಿಂದ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ವಾರಕ್ಕೆ ಮೂರು ಸಲ ಇಂಗ್ಲೆಂಡ್ ಮತ್ತು ಅಮೆರಿಕದ ಗ್ರಾಹಕರ ಜೊತೆ ಫೋನಿನಲ್ಲಿ ಮೀಟಿಂಗ್ ಇರುತ್ತದೆ. ವ್ಯಾಕರಣ ತಕ್ಕಮಟ್ಟಿಗೆ ಬರುತ್ತದೆ. ಆದರೆ ಅವರು ‘ಟಚ್ ಬೇಸ್’, ‘ಕೀಪ್ ಮಿ ಪೋಸ್ಟೆಡ್’, ‘ಕ್ರಾಸ್ಡ್ ವೈರ್ಸ್’ ಅಂದಾಗ ದಿಕ್ಕು ತಪ್ಪುತ್ತದೆ. ‘ನಿನ್ನ ಕಮ್ಯುನಿಕೇಶನ್ ವೀಕ್’ ಅಂತ ಮ್ಯಾನೇಜರ್ ಹೇಳಿದರು. ಇನ್ನೂರು ನುಡಿಗಟ್ಟು ಬಾಯಿಪಾಠ ಮಾಡಿದೆ. ಮೀಟಿಂಗಿನಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹೋದ ವಾರ ನಾನೊಂದು ಪ್ರಶ್ನೆ ಎತ್ತಿದಾಗ ಗ್ರಾಹಕರು ‘ಲೆಟ್ಸ್ ಟೇಕ್ ದಿಸ್ ಆಫ್‌ಲೈನ್’ ಅಂದರು. ಏನು ಮಾಡಬೇಕೆಂದು ತಿಳಿಯದೆ ಸುಮ್ಮನಾದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಇನ್ನೂರು ನುಡಿಗಟ್ಟುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನೀವು ಪಟ್ಟ ಶ್ರಮ ದಂಡವಾಗಿಲ್ಲ, ಮುಂದೆ ಕೆಲಸಕ್ಕೆ ಬರುತ್ತದೆ. ಆದರೆ ಶುರು ಮಾಡಬೇಕಾದದ್ದು ಅಲ್ಲಿಂದಲ್ಲ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಾ ನನಗೆ ಮೂವತ್ತು ವರ್ಷವಾಯಿತು. ಅವರು ಎಡವುವುದು ದೊಡ್ಡ ನುಡಿಗಟ್ಟುಗಳಲ್ಲಿ ಅಲ್ಲ. ದಿನಕ್ಕೆ ನೂರು ಸಲ ಬರುವ ಐದಾರು ಸಣ್ಣ ಪದಗಳಲ್ಲಿ.

ನಮ್ಮ ‘ಕೇಳು’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ‘ಮೇಷ್ಟ್ರನ್ನ ಒಂದು ಪ್ರಶ್ನೆ ಕೇಳಿದೆ.’ ‘ರಾತ್ರಿ ಏನೋ ಸದ್ದು ಕೇಳಿತು.’ ‘ಇಡೀ ಭಾಷಣ ಕೂತು ಕೇಳಿದೆ.’ ‘ನಮ್ಮ ಹುಡುಗ ಹೇಳಿದ ಮಾತು ಕೇಳಲ್ಲ.’ ನಾಲ್ಕು ಕಡೆಯೂ ನಮಗೆ ಒಂದೇ ಪದ ಸಾಕು. ಇಂಗ್ಲಿಷಿನಲ್ಲಿ ಮೊದಲನೆಯದು ‘ಆಸ್ಕ್’, ಎರಡನೆಯದು ‘ಹಿಯರ್’, ಮೂರು ಮತ್ತು ನಾಲ್ಕನೆಯದು ‘ಲಿಸನ್’. ನಾವು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ಹೊರಳುವಾಗ ಈ ಮೂರರಲ್ಲಿ ಯಾವುದೋ ಒಂದು ಕೈಗೆ ಸಿಗುತ್ತದೆ. ಅದು ತಪ್ಪಾದರೆ ವ್ಯಾಕರಣ ಸರಿ ಇದ್ದೂ ಮಾತು ಕೆಡುತ್ತದೆ.

ಫೋನಿನಲ್ಲಿ ಆಗುವುದನ್ನು ನೋಡಿ. ಲೈನ್ ಸರಿ ಇಲ್ಲ. ‘ನನ್ನ ದನಿ ಕೇಳ್ತಿದೆಯಾ?’ ಅಂತ ಕೇಳಬೇಕು. ‘ಕ್ಯಾನ್ ಯು ಹಿಯರ್ ಮಿ?’ ಅಂದರೆ ಸರಿ. ಅದನ್ನೇ ‘ಆರ್ ಯು ಲಿಸನಿಂಗ್ ಟು ಮಿ?’ ಅಂದುಬಿಟ್ಟರೆ? ಅದು ಹೋಂವರ್ಕ್ ಬಿಟ್ಟು ಕಿಟಕಿ ನೋಡುತ್ತಿರುವ ಮಗುವಿಗೆ ತಾಯಿ ಹೇಳುವ ಮಾತು. ‘ನಾನು ಹೇಳೋದು ಕಿವಿಗೆ ಬೀಳ್ತಿದೆಯೇನು?’ ಅಂತ ಗದರಿದ ಹಾಗೆ. ಇನ್ನೂ ಕಷ್ಟವಾದದ್ದು ‘ಐ ಆಮ್ ನಾಟ್ ಲಿಸನಿಂಗ್’. ನಮ್ಮ ಹುಡುಗರು ‘ಸರಿಯಾಗಿ ಕೇಳಿಸ್ತಿಲ್ಲ’ ಅನ್ನುವ ಅರ್ಥದಲ್ಲಿ ಇದನ್ನು ಹೇಳುತ್ತಾರೆ. ಆ ಕಡೆಯವರಿಗೆ ಅದು ‘ನಿಮ್ಮ ಮಾತಿಗೆ ನಾನು ಗಮನ ಕೊಡ್ತಿಲ್ಲ’ ಅಂತ ಕೇಳಿಸುತ್ತದೆ.

ಇದನ್ನು ಸರಿಮಾಡಿಕೊಳ್ಳುವ ಕೀಲಿ ಕನ್ನಡದಲ್ಲೇ ಇದೆ. ‘ಕೇಳಿಸು’ ಅಂತ ನಮ್ಮಲ್ಲಿ ಒಂದು ಪದ ಇದೆ, ಅಲ್ವಾ? ‘ನನಗೆ ಕೇಳಿಸಿತು’ ಅನ್ನುತ್ತೇವೆ. ಅಲ್ಲಿ ನಾವು ಏನೂ ಮಾಡಿಲ್ಲ, ಸದ್ದು ತಾನಾಗಿ ಬಂತು. ಅದು ‘ಹಿಯರ್’. ‘ಕಿವಿಗೊಡು’ ಅಂತ ಇನ್ನೊಂದು ಪದ ಇದೆ. ಅಲ್ಲಿ ನಾವು ಬೇಕೆಂದೇ ಕಿವಿಯನ್ನು ಕೊಡುತ್ತೇವೆ. ಅದು ‘ಲಿಸನ್’. ಪ್ರಶ್ನೆ ಇದ್ದರೆ ‘ಆಸ್ಕ್’. ‘ಕೇಳು’ ಬಾಯಿಗೆ ಬಂದಾಗಲೆಲ್ಲ ‘ಕೇಳಿಸಿತಾ, ಕಿವಿಗೊಟ್ಟೆನಾ, ಪ್ರಶ್ನೆ ಹಾಕಿದೆನಾ’ ಅಂತ ಒಂದು ಕ್ಷಣ ನೋಡಿಕೊಳ್ಳಿ. ಒಂದು ವಾರ ಬೇಕೆಂದು ಮಾಡಿದರೆ ಆಮೇಲೆ ಯೋಚಿಸದೆ ಬರುತ್ತದೆ.

‘ಹೇಳು’ ಇದಕ್ಕಿಂತ ಸುಲಭ. ಇಂಗ್ಲಿಷಿನಲ್ಲಿ ಅದು ‘ಸೇ’ ಮತ್ತು ‘ಟೆಲ್’ ಅಂತ ಎರಡಾಗುತ್ತದೆ. ‘ಟೆಲ್’ ಅಂದ ಕೂಡಲೇ ಯಾರಿಗೆ ಅನ್ನುವುದು ಬರಬೇಕು. ‘ಹಿ ಟೋಲ್ಡ್ ಮಿ ದಟ್’ ಸರಿ, ‘ಹಿ ಟೋಲ್ಡ್ ದಟ್’ ಅರ್ಧಕ್ಕೇ ನಿಂತ ವಾಕ್ಯ. ‘ಸೇ’ಗೆ ಆಡಿದ ಮಾತು ಮುಖ್ಯ, ಆಳು ಮುಖ್ಯ ಅಲ್ಲ. ಹಾಗಾಗಿ ‘ಹಿ ಸೆಡ್ ದಟ್’ ಸರಿ, ‘ಹಿ ಸೆಡ್ ಮಿ’ ತಪ್ಪು.

ನಮ್ಮ ವಿಭಕ್ತಿಗಳೂ ಇಂಗ್ಲಿಷಿನೊಳಗೆ ನುಸುಳುತ್ತವೆ. ‘ಅವರಿಗೆ ವಿವರಿಸಿದೆ’, ‘ಅವರಿಗೆ ತಿಳಿಸಿದೆ’. ಎರಡರಲ್ಲೂ ನಮಗೆ ‘ಗೆ’ ಇದೆ. ಆದರೆ ‘ಎಕ್ಸ್‌ಪ್ಲೇನ್’ ‘ಟು’ ಬೇಡುತ್ತದೆ, ‘ಇನ್‌ಫಾರ್ಮ್’ ಬೇಡುವುದಿಲ್ಲ. ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುವ ಅಭ್ಯಾಸದಿಂದ ‘ಡಿಸ್ಕಸ್ ಅಬೌಟ್’ ಬರುತ್ತದೆ. ‘ಡಿಸ್ಕಸ್’ ಒಳಗೇ ‘ಬಗ್ಗೆ’ ಇದೆ. ‘ಅಬೌಟ್’ ಬಿಟ್ಟುಬಿಡಿ. ಇವಕ್ಕೆ ನಿಯಮ ಹುಡುಕುತ್ತಾ ಕೂರಬೇಡಿ. ಇಡೀ ವಾಕ್ಯವನ್ನೇ ನಾಲಿಗೆಗೆ ಅಭ್ಯಾಸ ಮಾಡಿಸಿ.

ಈಗ ನುಡಿಗಟ್ಟುಗಳಿಗೆ ಬರೋಣ.

ಪಟ್ಟಿ ಬಾಯಿಪಾಠ ಮಾಡಿದರೆ ಯಾಕೆ ನೆನಪಿರಲ್ಲ ಅಂದರೆ, ನುಡಿಗಟ್ಟು ಒಂದು ಚಿತ್ರ. ಚಿತ್ರ ಕಾಣದೆ ಪದ ಮಾತ್ರ ಹಿಡಿದುಕೊಂಡರೆ ಅದು ಕೈಯಿಂದ ಜಾರುತ್ತದೆ. ‘ಕಡ್ಡಿ ಮುರಿದ ಹಾಗೆ ಹೇಳಿದ’ ಅನ್ನುವುದನ್ನು ನಿಮಗೆ ಯಾರೂ ಬಾಯಿಪಾಠ ಮಾಡಿಸಲಿಲ್ಲ. ಕಡ್ಡಿ ಲಟಕ್ಕನೆ ಮುರಿಯುವ ಸದ್ದು ನಿಮಗೆ ಗೊತ್ತಿತ್ತು. ಇಂಗ್ಲಿಷಿನವರಿಗೂ ಹೀಗೆ ಗೊತ್ತಿದ್ದ ಸದ್ದುಗಳು, ವಸ್ತುಗಳು ಇದ್ದವು. ಅವನ್ನು ನಾವು ನೋಡಿಲ್ಲ. ಹಾಗಾಗಿ ಒಮ್ಮೆ ತೋರಿಸಿಕೊಳ್ಳಬೇಕು, ಅಷ್ಟೇ.

ಮೊದಲು ದೊಡ್ಡ ಚಿತ್ರ. ಅಮೆರಿಕದ ಭಾಷಾವಿಜ್ಞಾನಿ ಮೈಕೆಲ್ ರೆಡ್ಡಿ 1979ರಲ್ಲಿ ಒಂದು ಲೇಖನ ಬರೆದರು. ಇಂಗ್ಲಿಷ್ ಮಾತಾಡುವವರು ಸಂವಹನವನ್ನು ಒಂದು ಕೊಳವೆಯ ಹಾಗೆ ಕಾಣುತ್ತಾರೆ ಅಂತ ಅದರಲ್ಲಿ ತೋರಿಸಿದರು. ಈ ಕಡೆಯವನು ತನ್ನ ಯೋಚನೆಯನ್ನು ಪದಗಳಲ್ಲಿ ತುಂಬುತ್ತಾನೆ, ಅದು ಕೊಳವೆಯಲ್ಲಿ ಸಾಗುತ್ತದೆ, ಆ ಕಡೆಯವನು ತೆರೆದು ತೆಗೆದುಕೊಳ್ಳುತ್ತಾನೆ. ಈ ಚಿತ್ರ ಇಟ್ಟುಕೊಂಡು ನೋಡಿ. ‘ಪುಟ್ ಇಟ್ ಇನ್‌ಟು ವರ್ಡ್ಸ್’ ಅಂದರೆ ಪದದಲ್ಲಿ ತುಂಬು. ‘ಗೆಟ್ ಇಟ್ ಅಕ್ರಾಸ್’ ಅಂದರೆ ಆಚೆ ದಡಕ್ಕೆ ದಾಟಿಸು. ‘ಐ ಕಾಂಟ್ ಗೆಟ್ ಥ್ರೂ ಟು ಹಿಮ್’ ಅಂದರೆ ಎಷ್ಟು ಹೇಳಿದರೂ ಅವನ ಒಳಗೆ ಹೋಗುತ್ತಿಲ್ಲ. ‘ಐ ಗಾಟ್ ಇಟ್’ ಅಂದರೆ ಸರಕು ಕೈಗೆ ಸಿಕ್ಕಿತು. ‘ಎಂಪ್ಟಿ ವರ್ಡ್ಸ್’ ಅಂದರೆ ಖಾಲಿ ಡಬ್ಬ. ‘ಇಟ್ ವೆಂಟ್ ಓವರ್ ಮೈ ಹೆಡ್’ ಅಂದರೆ ಎಸೆದದ್ದು ಹಿಡಿಯಲಾಗದೆ ತಲೆ ಮೇಲಿಂದ ಹಾದುಹೋಯಿತು. ಒಂದೇ ಚಿತ್ರ ಹಿಡಿದರೆ ಆರು ನುಡಿಗಟ್ಟು ಒಟ್ಟಿಗೆ ಬಂದವು.

ಕನ್ನಡದ ಚಿತ್ರ ಬೇರೆ. ನಾವು ‘ನನಗೆ ಅರ್ಥ ಆಯ್ತು’ ಅನ್ನುತ್ತೇವೆ. ನಾನು ಅದನ್ನು ಹಿಡಿಯಲಿಲ್ಲ, ಅದು ನನಗೆ ‘ಆಯಿತು’. ಮಾತು ‘ಮನಸ್ಸಿಗೆ ನಾಟಿತು’ ಅನ್ನುತ್ತೇವೆ, ಸಸಿ ನಾಟಿದ ಹಾಗೆ. ‘ತಲೆಗೆ ಹತ್ತಲಿಲ್ಲ’ ಅನ್ನುತ್ತೇವೆ. ‘ಅವರ ಕಿವಿಗೊಂದು ಮಾತು ಹಾಕಿಡಿ’ ಅನ್ನುತ್ತೇವೆ. ಈ ಕೊನೆಯದು ನಿಮ್ಮ ಆಫೀಸಿನ ‘ಗಿವ್ ಹಿಮ್ ಎ ಹೆಡ್ಸ್ ಅಪ್’ಗೆ ಬಹಳ ಹತ್ತಿರ. ಮುಂದೆ ಒಂದು ವಿಷಯ ಬರಲಿದೆ, ಮೊದಲೇ ತಿಳಿದಿರಲಿ ಅಂತ ಕೊಡುವ ಸೂಚನೆ ಅದು. ನಮ್ಮಲ್ಲಿ ಕಿವಿಗೆ ಹಾಕುತ್ತೇವೆ, ಅವರಲ್ಲಿ ‘ತಲೆ ಎತ್ತಿ ನೋಡು’ ಅನ್ನುತ್ತಾರೆ. ನೀವು ಹೀಗೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು ಅನ್ನುವುದು ನನ್ನ ಆಸೆ. ನಿಮ್ಮ ಕನ್ನಡ ಇಲ್ಲಿ ಅಡ್ಡಿ ಅಲ್ಲ, ಆಸರೆ.

ನೀವು ಕೇಳಿದ ‘ಕ್ರಾಸ್ಡ್ ವೈರ್ಸ್’ ಟೆಲಿಫೋನ್ ಕಾಲದ್ದು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಟೆಲಿಫೋನಿಗೆ ಪೇಟೆಂಟ್ ಪಡೆದದ್ದು 1876ರಲ್ಲಿ. ಎರಡು ವರ್ಷಕ್ಕೆ, 1878ರ ಜನವರಿಯಲ್ಲಿ, ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಎಕ್ಸ್‌ಚೇಂಜ್ ಶುರುವಾಯಿತು. ಆಗ ಆಪರೇಟರ್ ಕೈಯಾರೆ ಲೈನ್ ಜೋಡಿಸಬೇಕಿತ್ತು. ಒಂದು ತಂತಿ ಇನ್ನೊಂದಕ್ಕೆ ತಾಗಿದರೆ ನಿಮ್ಮ ಮಾತಿನ ನಡುವೆ ಬೇರೆಯವರ ಮಾತು ಬಂದು ಸೇರುತ್ತಿತ್ತು. ನಮ್ಮ ಲ್ಯಾಂಡ್‌ಲೈನ್ ಕಾಲದಲ್ಲೂ ‘ಕ್ರಾಸ್ ಕನೆಕ್ಷನ್ ಆಗಿದೆ, ಇಟ್ಟು ಮತ್ತೆ ಮಾಡ್ತೀನಿ’ ಅನ್ನುತ್ತಿದ್ದೆವು. ನಿಮ್ಮ ತಂದೆತಾಯಿಯನ್ನು ಕೇಳಿ, ನೆನಪಿರುತ್ತದೆ. ಅದೇ ಚಿತ್ರ. ಇಬ್ಬರೂ ಸರಿಯಾಗಿಯೇ ಮಾತಾಡಿದ್ದಾರೆ, ನಡುವೆ ಎಲ್ಲೋ ಕಲಸಿಹೋಗಿದೆ. ‘ವಿ ಗಾಟ್ ಅವರ್ ವೈರ್ಸ್ ಕ್ರಾಸ್ಡ್’ ಅನ್ನುವ ಮಾತಿನ ಒಳ್ಳೆಯ ಗುಣ ಅಂದರೆ ತಪ್ಪು ಯಾರ ಮೇಲೂ ಬೀಳುವುದಿಲ್ಲ. ತಂತಿಯ ಮೇಲೆ ಹೋಗುತ್ತದೆ. ಗ್ರಾಹಕರ ಜೊತೆ ಗೊಂದಲವಾದಾಗ ‘ಯು ಮಿಸ್‌ಅಂಡರ್‌ಸ್ಟುಡ್’ ಅನ್ನುವುದಕ್ಕಿಂತ ಇದು ಎಷ್ಟೋ ಮೆತ್ತಗೆ.

ಟೆಲಿಫೋನ್ ಬಿಟ್ಟುಹೋದ ಪದಗಳು ಇನ್ನೂ ಇವೆ. ‘ಹ್ಯಾಂಗ್ ಅಪ್’ ಅಂದರೆ ಫೋನ್ ಇಡುವುದು. ಹಳೆಯ ಫೋನುಗಳಲ್ಲಿ ಕಿವಿಗೆ ಹಿಡಿಯುವ ಭಾಗವನ್ನು ಕೊಕ್ಕೆಗೆ ನೇತುಹಾಕಬೇಕಿತ್ತು. ಅವರು ನೇತುಹಾಕಿದರು, ನಾವು ‘ಇಟ್ಟೆವು’. ಇವತ್ತು ಮೊಬೈಲಿನಲ್ಲಿ ನೇತುಹಾಕುವುದೂ ಇಲ್ಲ, ಇಡುವುದೂ ಇಲ್ಲ. ಆದರೂ ಅಮ್ಮನ ಜೊತೆ ಮಾತು ಮುಗಿಸುವಾಗ ನೀವು ‘ಸರಿಮ್ಮ, ಇಡ್ಲಾ?’ ಅಂತಲೇ ಕೇಳುತ್ತೀರಿ. ನನಗೆ ಇದು ಬಹಳ ಇಷ್ಟ. ವಸ್ತು ಹೋದರೂ ಪದ ಉಳಿಯುತ್ತದೆ. ‘ಹಲೋ’ ಕೂಡ ಹಾಗೇ. ಫೋನ್ ಎತ್ತಿದಾಗ ಏನನ್ನಬೇಕು ಅನ್ನುವ ಪ್ರಶ್ನೆ ಬಂದಾಗ ಬೆಲ್ ಅವರಿಗೆ ಹಡಗಿನವರ ‘ಅಹೋಯ್’ ಇಷ್ಟವಾಗಿತ್ತು. ಥಾಮಸ್ ಎಡಿಸನ್ 1877ರಲ್ಲಿ ‘ಹಲೋ’ ಸೂಚಿಸಿದರು. ಅದೇ ನಿಂತಿತು. ಈಗ ಅದು ಕನ್ನಡದ ಪದವೇ ಆಗಿಹೋಗಿದೆ.

ಮೀಟಿಂಗಿನಲ್ಲಿ ಜಾಸ್ತಿ ಬರುವ ಮೂರು ಮಾತುಗಳಲ್ಲಿ ಹುಷಾರಾಗಿರಿ. ‘ಯು ಆರ್ ಬ್ರೇಕಿಂಗ್ ಅಪ್’ ಅಂದರೆ ನಿಮ್ಮ ದನಿ ಕತ್ತರಿಸಿ ಕತ್ತರಿಸಿ ಬರುತ್ತಿದೆ. ‘ಐ ಲಾಸ್ಟ್ ಯು ಫಾರ್ ಎ ಸೆಕೆಂಡ್’ ಅಂದರೆ ಒಂದು ಕ್ಷಣ ಲೈನ್ ಹೋಗಿತ್ತು, ಮತ್ತೆ ಹೇಳಿ. ಆದರೆ ‘ಯು ಲಾಸ್ಟ್ ಮಿ ದೇರ್’ ಅಂದರೆ ಲೈನ್ ಸರಿಯಾಗಿದೆ, ನೀವು ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ಮೊದಲಿನ ಎರಡಕ್ಕೆ ಅದೇ ವಾಕ್ಯವನ್ನು ಮತ್ತೆ ಹೇಳಿದರೆ ಸಾಕು. ಮೂರನೆಯದಕ್ಕೆ ಬೇರೆ ರೀತಿಯಲ್ಲಿ ಬಿಡಿಸಿ ಹೇಳಬೇಕು. ಇಲ್ಲಿ ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳಿದರೆ ಆ ಕಡೆಯವರಿಗೆ ಕಿರಿಕಿರಿ ಆಗುತ್ತದೆ.

ಟೆಲಿಫೋನಿಗಿಂತ ಮುಂಚೆ ಟೆಲಿಗ್ರಾಫ್ ಇತ್ತು. 1844ರಲ್ಲಿ ಸ್ಯಾಮ್ಯುಯೆಲ್ ಮೋರ್ಸ್ ವಾಷಿಂಗ್ಟನ್‌ನಿಂದ ಬಾಲ್ಟಿಮೋರ್‌ಗೆ ತಂತಿ ಸಂದೇಶ ಕಳಿಸಿದರು. ಆಮೇಲೆ ಅಮೆರಿಕದಲ್ಲಿ ಊರೂರಿಗೆ ತಂತಿ ಬಂತು. ತಂತಿಯಲ್ಲಿ ಬರದೆ ಬಾಯಿಂದ ಬಾಯಿಗೆ ಹರಡುವ ಸುದ್ದಿಗೆ ಜನ ‘ಗ್ರೇಪ್‌ವೈನ್ ಟೆಲಿಗ್ರಾಫ್’ ಅಂದರು, ಅಂದರೆ ದ್ರಾಕ್ಷಿಬಳ್ಳಿಯ ತಂತಿ. 1861ರಿಂದ 1865ರ ಅವರ ಅಂತರ್ಯುದ್ಧದ ಹೊತ್ತಿಗೆ ಅದು ಎಲ್ಲರ ಬಾಯಲ್ಲಿತ್ತು. ಈಗ ‘ಐ ಹರ್ಡ್ ಇಟ್ ಆನ್ ದ ಗ್ರೇಪ್‌ವೈನ್’ ಅಂದರೆ ಯಾರೂ ಅಧಿಕೃತವಾಗಿ ಹೇಳಿಲ್ಲ, ಹೀಗಂತೆ ಅಂತ ಕಿವಿಗೆ ಬಿತ್ತು. ಅವರಿಗೆ ಬಳ್ಳಿಯಲ್ಲಿ ಬಂದ ಸುದ್ದಿ ನಮಗೆ ಗಾಳಿಯಲ್ಲಿ ಬರುತ್ತದೆ, ‘ಗಾಳಿಸುದ್ದಿ’. ಒಂದು ಸಣ್ಣ ವ್ಯತ್ಯಾಸ ಇದೆ. ಗಾಳಿಸುದ್ದಿಯನ್ನು ನಾವು ನಂಬುವುದಿಲ್ಲ. ಗ್ರೇಪ್‌ವೈನ್ ಸುದ್ದಿ ಎಷ್ಟೋ ಸಲ ನಿಜವೇ ಆಗಿರುತ್ತದೆ.

‘ಕೀಪ್ ಮಿ ಪೋಸ್ಟೆಡ್’ ಬಿ.ಕಾಂ ಓದಿದ ನಿಮಗೆ ಸುಲಭ. ಇಲ್ಲಿನ ‘ಪೋಸ್ಟ್’ ಅಂಚೆ ಅಲ್ಲ. ಲೆಕ್ಕದ ಪುಸ್ತಕದಲ್ಲಿ ಜರ್ನಲ್‌ನಿಂದ ಲೆಡ್ಜರ್‌ಗೆ ಏರಿಸುತ್ತೀರಲ್ಲ, ಆ ‘ಪೋಸ್ಟಿಂಗ್’. ಲೆಡ್ಜರ್ ಇವತ್ತಿನವರೆಗೂ ಬರೆದು ಸರಿಯಾಗಿದ್ದರೆ ಅದು ‘ಪೋಸ್ಟೆಡ್’. ಹಾಗೇ ನನ್ನನ್ನೂ ಇವತ್ತಿನವರೆಗಿನ ವಿಷಯ ತಿಳಿದವನಾಗಿ ಇಡಿ ಅಂತ ಅರ್ಥ. ಗ್ರಾಹಕರು ಹಾಗೆ ಅಂದರೆ ಅವರಿಗೆ ಒಂದು ದೊಡ್ಡ ವರದಿ ಬೇಕಾಗಿಲ್ಲ. ಏನಾದರೂ ಬದಲಾದಾಗ ಎರಡು ಸಾಲು ಬೇಕು.

‘ಟಚ್ ಬೇಸ್’ ಬೇಸ್‌ಬಾಲ್ ಆಟದ್ದು. ಓಡುವ ಆಟಗಾರ ಪ್ರತಿ ಬೇಸನ್ನು, ಅಂದರೆ ಮೈದಾನದ ಮೂಲೆಯ ಗುರುತನ್ನು, ಮುಟ್ಟಿಯೇ ಮುಂದೆ ಹೋಗಬೇಕು. ಕ್ರಿಕೆಟಿನಲ್ಲಿ ಬ್ಯಾಟನ್ನು ಕ್ರೀಸಿನೊಳಗೆ ಒಮ್ಮೆ ತಾಗಿಸಿ ತಿರುಗುತ್ತಾರಲ್ಲ, ಹಾಗೆ. ಮುಟ್ಟುವುದು ಕ್ಷಣಮಾತ್ರ, ಆದರೆ ಬಿಡುವಂತಿಲ್ಲ. ‘ಲೆಟ್ಸ್ ಟಚ್ ಬೇಸ್ ಆನ್ ಮಂಡೇ’ ಅಂದರೆ ‘ಸೋಮವಾರ ಒಂದ್ಸಲ ಮಾತಾಡ್ಕೊಳ್ಳೋಣ’ ಅಂತ. ಐದು ನಿಮಿಷದ ಮಾತು. ಸ್ಲೈಡು ತಯಾರು ಮಾಡಿಕೊಂಡು ಹೋಗಬೇಕಿಲ್ಲ.

ಇಮೇಲಿನ ‘ಸಿಸಿ’ ಬಗ್ಗೆಯೂ ಒಂದು ಮಾತು. ದಿನಾ ಒತ್ತುತ್ತೀರಿ. ಅದು ಕಾರ್ಬನ್ ಕಾಪಿ. ನಮ್ಮ ಸಣ್ಣ ಪೇಟೆಗಳ ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಎರಡು ಹಾಳೆಗಳ ನಡುವೆ ಕಾರ್ಬನ್ ಇಟ್ಟು ಕುಟ್ಟುತ್ತಿದ್ದೆವು. ಬೆರಳಿಗೆಲ್ಲ ಮಸಿ ಹತ್ತುತ್ತಿತ್ತು. ಅಡಿಯ ಹಾಳೆ ‘ಇವರಿಗೂ ತಿಳಿದಿರಲಿ’ ಅಂತ ಕಳಿಸುವ ಪ್ರತಿ. ಇವತ್ತಿಗೂ ಅರ್ಥ ಅಷ್ಟೇ. ಸಿಸಿಯಲ್ಲಿ ನಿಮ್ಮ ಹೆಸರಿದ್ದರೆ ಓದಿರಬೇಕು, ಉತ್ತರ ಕೊಡಲೇಬೇಕೆಂದಿಲ್ಲ. ‘ಕೀಪ್ ಮಿ ಇನ್ ದ ಲೂಪ್’ ಅನ್ನುವವರು ಕೇಳುತ್ತಿರುವುದೂ ಬಹುತೇಕ ಇದನ್ನೇ. ಮಾತು ಯಾರ ಯಾರ ನಡುವೆ ಸುತ್ತುತ್ತಿದೆಯೋ ಆ ಸುತ್ತಿನೊಳಗೆ ನನ್ನನ್ನೂ ಸೇರಿಸಿಕೊಳ್ಳಿ ಅಂತ.

ಅರ್ಥ ಗೊತ್ತಾದ ಕೂಡಲೇ ಬಳಸಬೇಡಿ. ಯಾರು ಯಾರಿಗೆ ಹೇಳಬಹುದು ಅನ್ನುವುದು ಅರ್ಥಕ್ಕಿಂತ ಮುಖ್ಯ. ‘ಬೀಟ್ ಅರೌಂಡ್ ದ ಬುಷ್’ ಬೇಟೆಯಿಂದ ಬಂದದ್ದು. ಪೊದೆಯ ಸುತ್ತ ಬಡಿದು ಹಕ್ಕಿಗಳನ್ನು ಎಬ್ಬಿಸುವವರು ಇರುತ್ತಿದ್ದರು. ಬಡಿಯುವುದೇ ಆಯಿತು, ಹಕ್ಕಿ ಹಿಡಿಯುವುದಕ್ಕೆ ಹೋಗಲಿಲ್ಲ ಅನ್ನುವ ಚಿತ್ರ. ನಮ್ಮ ‘ಸುತ್ತಿ ಬಳಸಿ ಮಾತಾಡು’. ‘ಐ ವೋಂಟ್ ಬೀಟ್ ಅರೌಂಡ್ ದ ಬುಷ್’ ಅಂತ ನಿಮ್ಮ ಬಗ್ಗೆ ನೀವು ಹೇಳಿಕೊಳ್ಳಬಹುದು. ಗ್ರಾಹಕರಿಗೆ ‘ಡೋಂಟ್ ಬೀಟ್ ಅರೌಂಡ್ ದ ಬುಷ್’ ಅಂದರೆ ಮುಖಕ್ಕೆ ಹೊಡೆದ ಹಾಗೆ. ‘ಗೆಟ್ ಟು ದ ಪಾಯಿಂಟ್’ ಕೂಡ ಅಷ್ಟೇ. ‘ಸ್ಪಿಲ್ ದ ಬೀನ್ಸ್’ ಅನ್ನುವುದು ಗುಟ್ಟು ಬಿಟ್ಟುಕೊಡುವುದಕ್ಕೆ ಸ್ನೇಹಿತರ ನಡುವೆ ಆಡುವ ಮಾತು, ಕೆಲಸದ ಪತ್ರದಲ್ಲಿ ಬೇಡ. ಪುರಾತನ ಗ್ರೀಕರು ಕಾಳು ಹಾಕಿ ಮತ ಚಲಾಯಿಸುತ್ತಿದ್ದರು, ಅಲ್ಲಿಂದ ಬಂತು ಅಂತ ಒಂದು ಕಥೆ ಓದಿರಬಹುದು. ನಂಬಬೇಡಿ. ಈ ನುಡಿಗಟ್ಟು ಕಾಣಿಸಿಕೊಂಡದ್ದೇ 20ನೇ ಶತಮಾನದ ಮೊದಲ ವರ್ಷಗಳ ಅಮೆರಿಕದಲ್ಲಿ.

ನಾವೇ ಬೆಳೆಸಿಕೊಂಡ ಇಂಗ್ಲಿಷ್ ಇನ್ನೊಂದು ಇದೆ. ನನಗೆ ಜಾಸ್ತಿ ಕಾಳಜಿ ಇರುವುದು ಅದರ ಬಗ್ಗೆ. ‘ಪ್ಲೀಸ್ ಡು ದ ನೀಡ್‌ಫುಲ್’ ತಪ್ಪು ಇಂಗ್ಲಿಷ್ ಅಂತ ನಗುವವರು ಇದ್ದಾರೆ. ಅದು ತಪ್ಪಲ್ಲ. ಬ್ರಿಟಿಷರದೇ ಹಳೆಯ ಕಚೇರಿ ಭಾಷೆ. ಅವರು ಬಿಟ್ಟರು, ನಾವು ಉಳಿಸಿಕೊಂಡೆವು. ನಮ್ಮ ದೇಶದೊಳಗೆ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ, ಮುಜುಗರ ಪಡಬೇಕಿಲ್ಲ. ಆದರೆ ಹೊರಗಿನವರಿಗೆ ಬೇರೆಯೇ ಅರ್ಥ ಕೊಡುವ ಮೂರು ಪದಗಳಿವೆ. ಅವನ್ನು ಮಾತ್ರ ದಯವಿಟ್ಟು ಬದಲಿಸಿಕೊಳ್ಳಿ.

ಒಂದು, ‘ಡೌಟ್’. ನಮ್ಮಲ್ಲಿ ‘ಸರ್, ಒಂದು ಡೌಟು’ ಅಂದರೆ ಒಂದು ಪ್ರಶ್ನೆ ಅಂತ. ಅದು ವಿನಯದ ಮಾತು. ಇಂಗ್ಲೆಂಡ್, ಅಮೆರಿಕದಲ್ಲಿ ‘ಡೌಟ್’ ಅಂದರೆ ಅನುಮಾನ, ನಂಬಿಕೆ ಇಲ್ಲದಿರುವುದು. ನನ್ನ ವಿದ್ಯಾರ್ಥಿಯೊಬ್ಬ ತನ್ನ ಅಮೆರಿಕದ ಗ್ರಾಹಕರಿಗೆ ‘ಐ ಹ್ಯಾವ್ ಸಮ್ ಡೌಟ್ಸ್ ಅಬೌಟ್ ಯುವರ್ ಡಿಸೈನ್’ ಅಂತ ಬರೆದ. ಅವನಿಗೆ ಬೇಕಾಗಿದ್ದದ್ದು ಎರಡು ವಿವರ. ಅವರು ಓದಿಕೊಂಡದ್ದು ‘ನಿಮ್ಮ ಡಿಸೈನ್ ಸರಿ ಇದೆ ಅಂತ ನನಗೆ ಅನ್ನಿಸುತ್ತಿಲ್ಲ’ ಅಂತ. ವಾಪಸ್ ಬಂದ ಪತ್ರ ಬಹಳ ಚುರುಕಾಗಿತ್ತು. ಹುಡುಗ ಎರಡು ದಿನ ನಿದ್ದೆ ಮಾಡಲಿಲ್ಲ. ‘ಕ್ವೆಶ್ಚನ್’ ಅಂದಿದ್ದರೆ ಮುಗಿದುಹೋಗುತ್ತಿತ್ತು.

ಎರಡು, ‘ರಿವರ್ಟ್’. ನಮಗೆ ಅದು ‘ಉತ್ತರ ಕೊಡುತ್ತೇನೆ’. ಅವರಿಗೆ ಅದು ‘ಮೊದಲಿದ್ದ ಸ್ಥಿತಿಗೆ ಹಿಂದಿರುಗು’. ಸಾಫ್ಟ್‌ವೇರ್ ಕೆಲಸದಲ್ಲಿ ‘ರಿವರ್ಟ್’ ಅಂದರೆ ಮಾಡಿದ ಬದಲಾವಣೆಯನ್ನು ರದ್ದು ಮಾಡುವುದು. ‘ಐ ವಿಲ್ ರಿವರ್ಟ್ ಬೈ ಫ್ರೈಡೇ’ ಅಂತ ಓದಿ ಗಾಬರಿಯಾದರೆ ಅವರ ತಪ್ಪಿಲ್ಲ. ‘ಐ ವಿಲ್ ಗೆಟ್ ಬ್ಯಾಕ್ ಟು ಯು ಬೈ ಫ್ರೈಡೇ’ ಅನ್ನಿ. ಮೂರು, ‘ಇಂಟಿಮೇಟ್’. ನಮ್ಮ ಕಚೇರಿಗಳಲ್ಲಿ ‘ಪ್ಲೀಸ್ ಇಂಟಿಮೇಟ್ ಮಿ’ ಅಂದರೆ ತಿಳಿಸಿ. ಅವರ ಇಂಗ್ಲಿಷಿನಲ್ಲಿ ಆ ಕ್ರಿಯಾಪದಕ್ಕೆ ಈಗ ಸೂಚ್ಯವಾಗಿ ಹೇಳುವುದು ಅನ್ನುವ ಅರ್ಥವೇ ಜಾಸ್ತಿ, ನಾಮಪದದ ಮುಂದೆ ಬಂದರೆ ತೀರಾ ಆಪ್ತ ಸಂಬಂಧದ ಅರ್ಥ. ‘ಲೆಟ್ ಮಿ ನೋ’ ಸಾಕು. ಸರಳ, ಎಲ್ಲ ಕಡೆ ಸಲ್ಲುತ್ತದೆ.

ಎರಡೂ ದೇಶದವರ ಜೊತೆ ಮಾತಾಡುವ ನಿಮಗೆ ಇನ್ನೊಂದು ಪದ ಗೊತ್ತಿರಲಿ. ‘ಟೇಬಲ್’. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ‘ಟೇಬಲ್’ ಮಾಡಿದರೆ ಈಗಲೇ ಚರ್ಚೆಗೆ ತಂದರು ಅಂತ. ಅಮೆರಿಕದಲ್ಲಿ ಚರ್ಚೆಯನ್ನು ಬದಿಗಿಟ್ಟರು ಅಂತ. ತದ್ವಿರುದ್ಧ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಎರಡೂ ಕಡೆಯ ಸೇನಾಧಿಕಾರಿಗಳು ಇದೇ ಪದದಿಂದಾಗಿ ಬಹಳ ಹೊತ್ತು ವಾದ ಮಾಡಿದರು ಅಂತ ವಿನ್ಸ್‌ಟನ್ ಚರ್ಚಿಲ್ ಬರೆದಿಟ್ಟಿದ್ದಾರೆ. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಆಗಿತ್ತು. ಹುಟ್ಟಿನಿಂದ ಇಂಗ್ಲಿಷ್ ಆಡುವವರಿಗೇ ಹೀಗಾಗುತ್ತದೆ ಅಂದಮೇಲೆ ನೀವು ನಿಮ್ಮನ್ನು ಅಷ್ಟೊಂದು ಬೈದುಕೊಳ್ಳಬೇಡಿ.

‘ಕಮ್ಯುನಿಕೇಶನ್ ವೀಕ್’ ಅನ್ನುವ ಮಾತಿಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನುಡಿಗಟ್ಟು ಗೊತ್ತಿಲ್ಲ ಅನ್ನುವುದಲ್ಲ. ‘ತಿಳಿಯದೆ ಸುಮ್ಮನಾದೆ’ ಅನ್ನುವ ಸಾಲು. ಅರ್ಥವಾಗದಿದ್ದಾಗ ತಿರುಗಿ ಕೇಳುವ ವಾಕ್ಯ ನಿಮ್ಮ ಬಾಯಲ್ಲಿ ತಯಾರಿಲ್ಲ. ನಮ್ಮ ಶಾಲೆಗಳಲ್ಲಿ ಉತ್ತರ ಹೇಳುವ ಇಂಗ್ಲಿಷ್ ಕಲಿಸುತ್ತಾರೆ, ಕೇಳುವ ಇಂಗ್ಲಿಷ್ ಕಲಿಸುವುದಿಲ್ಲ. ಇದು ನನಗೆ ಇವತ್ತಿಗೂ ಬೇಸರದ ವಿಷಯ.

ಕನ್ನಡದಲ್ಲಿ ‘ಹಾಂ?’ ಅಥವಾ ‘ಏನಂದ್ರಿ?’ ಅಂದರೆ ಸಾಕು. ಇಂಗ್ಲಿಷಿನಲ್ಲಿ ‘ವಾಟ್?’ ಒರಟಾಗುತ್ತದೆ. ದನಿ ಸ್ವಲ್ಪ ಮೇಲೆತ್ತಿ ‘ಸಾರಿ?’ ಅನ್ನಿ. ಅದು ಕ್ಷಮೆ ಅಲ್ಲ, ‘ಇನ್ನೊಮ್ಮೆ ಹೇಳಿ’ ಅಂತ. ಪದ ಕಿವಿಗೆ ಸರಿಯಾಗಿ ಬೀಳದಿದ್ದರೆ ‘ಐ ಡಿಡ್‌ಂಟ್ ಕ್ವೈಟ್ ಕ್ಯಾಚ್ ದಟ್’. ಕಿವಿಗೆ ಬಿತ್ತು, ಆದರೆ ಅರ್ಥ ಗೊತ್ತಿಲ್ಲ ಅಂದರೆ ‘ವಾಟ್ ಡು ಯು ಮೀನ್ ಬೈ ದಟ್?’ ಅನ್ನುವುದು ಜಗಳಕ್ಕೆ ಕರೆದ ಹಾಗೆ ಕೇಳಿಸಬಹುದು. ‘ಕುಡ್ ಯು ಟೆಲ್ ಮಿ ಎ ಬಿಟ್ ಮೋರ್ ಅಬೌಟ್ ದಟ್?’ ಅನ್ನಿ. ಮೀಟಿಂಗ್ ಮುಗಿಯುವ ಮುಂಚೆ ‘ಜಸ್ಟ್ ಟು ಮೇಕ್ ಶೂರ್ ವಿ ಆರ್ ಆನ್ ದ ಸೇಮ್ ಪೇಜ್’ ಅಂತ ಶುರು ಮಾಡಿ, ನಿಮಗೆ ಅರ್ಥವಾದದ್ದನ್ನು ನಿಮ್ಮ ಸರಳ ಇಂಗ್ಲಿಷಿನಲ್ಲಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಇಬ್ಬರ ಕೈಯಲ್ಲೂ ಪುಸ್ತಕ ಇದೆ, ಇಬ್ಬರೂ ಒಂದೇ ಪುಟ ತೆರೆದಿದ್ದೇವಾ ಅಂತ ನೋಡಿಕೊಳ್ಳುವ ಚಿತ್ರ ಅದು. ಇದೊಂದು ವಾಕ್ಯ ನಿಮಗೆ ಆ ಇನ್ನೂರು ನುಡಿಗಟ್ಟಿಗಿಂತ ಜಾಸ್ತಿ ಸಹಾಯ ಮಾಡುತ್ತದೆ ಅನ್ನುವುದು ನನ್ನ ಅನುಭವ.

ನಮ್ಮ ‘ಹೂಂ’ ಬಗ್ಗೆಯೂ ಹೇಳಲೇಬೇಕು. ಅಜ್ಜಿ ಕಥೆ ಹೇಳುವಾಗ ‘ಹೂಂ ಅನ್ನು, ಇಲ್ಲದಿದ್ರೆ ಹೇಳಲ್ಲ’ ಅನ್ನುತ್ತಿದ್ದಳು ಅಲ್ವಾ? ಹೂಂಗುಟ್ಟುವುದು ಅಂದರೆ ಒಪ್ಪಿಗೆ ಅಲ್ಲ. ‘ಎಚ್ಚರ ಇದ್ದೀನಿ, ಕೇಳ್ತಿದ್ದೀನಿ, ಮುಂದೆ ಹೇಳು’ ಅಂತ. ನಾವು ಇಂಗ್ಲಿಷ್ ಮಾತಾಡುವಾಗ ಈ ಹೂಂ ‘ಯೆಸ್, ಯೆಸ್’ ಆಗಿಬಿಡುತ್ತದೆ. ಗ್ರಾಹಕರು ‘ಶುಕ್ರವಾರದೊಳಗೆ ಆಗುತ್ತಾ’ ಅಂತ ಹೇಳುತ್ತಿರುತ್ತಾರೆ, ನಾವು ನಡುನಡುವೆ ‘ಯೆಸ್’ ಅನ್ನುತ್ತಿರುತ್ತೇವೆ. ಅವರು ಅದನ್ನು ಒಪ್ಪಿಗೆ ಅಂತ ಬರೆದುಕೊಳ್ಳುತ್ತಾರೆ. ಶುಕ್ರವಾರ ಬಂದಾಗ ರಗಳೆ ಶುರುವಾಗುತ್ತದೆ. ಹೂಂಗುಟ್ಟುವಾಗ ‘ರೈಟ್’, ‘ಐ ಸೀ’, ‘ಗೋ ಆನ್’ ಬಳಸಿ. ‘ಯೆಸ್’ ಅನ್ನುವುದನ್ನು ಒಪ್ಪಿಕೊಂಡಾಗ ಮಾತ್ರ ಹೇಳಿ.

ಇನ್ನು ಕಲಿಯುವ ಬಗೆ. ಒಂದು ಸಣ್ಣ ನೋಟ್‌ಬುಕ್ ಇಡಿ. ಮೀಟಿಂಗಿನಲ್ಲಿ ಹೊಸ ನುಡಿಗಟ್ಟು ಕಿವಿಗೆ ಬಿದ್ದರೆ ಯಾರು ಅಂದರು, ಯಾರಿಗೆ ಅಂದರು, ಆಮೇಲೆ ಏನಾಯಿತು ಅಂತ ಬರೆಯಿರಿ. ಅದರ ಎದುರು, ಅದೇ ಜಾಗದಲ್ಲಿ ನಿಮ್ಮ ಮನೆಯವರು ಕನ್ನಡದಲ್ಲಿ ಏನನ್ನುತ್ತಿದ್ದರು ಅಂತ ಬರೆಯಿರಿ. ‘ಸಿಟ್ಟಿಂಗ್ ಆನ್ ದ ಫೆನ್ಸ್’ ಎದುರು ‘ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ’ ಅಂತ ಬರೆದ ಹುಡುಗಿಯೊಬ್ಬಳು ನನಗೆ ಅದನ್ನು ತೋರಿಸಿದ ದಿನ ನನಗಾದ ಸಂತೋಷ ಹೇಳತೀರದು. ಅವರು ಬೇಲಿ ಮೇಲೆ ತಾವೇ ಕೂರುತ್ತಾರೆ, ನಾವು ಗೋಡೆ ಮೇಲೆ ದೀಪ ಇಡುತ್ತೇವೆ. ಎರಡೂ ಕಡೆ ಸ್ವಲ್ಪ ಸ್ವಲ್ಪ. ವಾರಕ್ಕೆ ಎರಡು ಹೀಗೆ ಸಿಕ್ಕರೆ ಸಾಕು. ಮೊದಲು ಅರ್ಥ ಮಾಡಿಕೊಳ್ಳಿ. ಬಳಸುವುದಕ್ಕೆ ಅವಸರ ಬೇಡ. ಅದೇ ಮಾತು ಮೂರ್ನಾಲ್ಕು ಜನರ ಬಾಯಲ್ಲಿ ಕೇಳಿದ ಮೇಲೆ ನಿಮ್ಮ ಬಾಯಿಗೂ ಬರುತ್ತದೆ.

ಕೊನೆಗೆ ನಿಮ್ಮ ‘ಲೆಟ್ಸ್ ಟೇಕ್ ದಿಸ್ ಆಫ್‌ಲೈನ್’. ಇದಕ್ಕೂ ನೆಟ್‌ವರ್ಕಿಗೂ ಸಂಬಂಧ ಇಲ್ಲ. ‘ಇದನ್ನು ಎಲ್ಲರ ಮುಂದೆ ಬೇಡ, ಮೀಟಿಂಗ್ ಮುಗಿದ ಮೇಲೆ ನಾವಿಬ್ಬರೇ ಮಾತಾಡೋಣ’ ಅಂತ. ಬೈಗುಳ ಅಲ್ಲ. ನಿಮ್ಮ ಪ್ರಶ್ನೆಗೆ ಹೊತ್ತು ಬೇಕು ಅಂತ ಅವರಿಗೆ ಅನ್ನಿಸಿದೆ. ಆಮೇಲೆ ನೀವು ಅವರನ್ನು ಸಂಪರ್ಕಿಸುತ್ತೀರಿ ಅಂತ ಅವರು ಕಾದಿರಲೂಬಹುದು. ಒಂದು ವಾರ ಆಗಿದೆ, ಪರವಾಗಿಲ್ಲ. ನಾಳೆ ಬೆಳಿಗ್ಗೆಯೇ ಬರೆಯಿರಿ: ‘ಲಾಸ್ಟ್ ವೀಕ್ ಯು ಸಜೆಸ್ಟೆಡ್ ವಿ ಟೇಕ್ ಮೈ ಕ್ವೆಶ್ಚನ್ ಆಫ್‌ಲೈನ್. ವುಡ್ ಯು ಹ್ಯಾವ್ ಟೆನ್ ಮಿನಿಟ್ಸ್ ದಿಸ್ ವೀಕ್? ಲೆಟ್ ಮಿ ನೋ ವಾಟ್ ಡೇ ಸೂಟ್ಸ್ ಯು.’ ಮ್ಯಾನೇಜರ್ ಅವರನ್ನು ಸಿಸಿಯಲ್ಲಿ ಹಾಕಿ.